ಆರಿದ ಬಣ್ಣ, ಬಲಿತ ಬಣ್ಣ

ಹೊಳೆ ಇಳಿದ ಮೇಲೆ ಗೋಡೆಯಲ್ಲಿ ಒಂದು ಗೆರೆ ಉಳಿಯುತ್ತದೆ. 2009ರ ಅಕ್ಟೋಬರ್‌ ಮೊದಲ ವಾರದಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ದಂಡೆ ಮೀರಿ ಹರಿದಾಗ ರೋಣ, ನರಗುಂದ ತಾಲ್ಲೂಕುಗಳ ಹೊಳೆಸಾಲಿನ ಊರುಗಳಲ್ಲಿ ಇಂಥ ಗೆರೆಗಳು ಮೂಡಿದವು. ಸುಣ್ಣ ಹೊಡೆದ ಗೋಡೆಯ ಹತ್ತಿರ ನಿಂತು ನೋಡಿದರೆ ಅದು ಬರೀ ಗೆರೆಯಲ್ಲ. ಕೆಳಗೆಲ್ಲ ತೆಳ್ಳಗೆ ಮೆತ್ತಿದ ಎರಿ ಮಣ್ಣಿನ ಕಂದು ಪೊರೆ, ಮೇಲಂಚಿನಲ್ಲಿ ಮಾತ್ರ ಬೆರಳಗಲ ಕಪ್ಪಾದ ಪಟ್ಟಿ, ಅದರ ಕೆಳಗೆ ನೀರು ತಂಗಿ ತಂಗಿ ಇಳಿದಲ್ಲೆಲ್ಲ ಮಸುಕಾದ ಮರಿಗೆರೆಗಳು. ಮಣ್ಣು ಬೆರೆತ ನೀರು ಒಂದು ಮೇಲ್ಮೈಯನ್ನು ಹೊಕ್ಕು, ನಿಂತು, ಆರಿ ಹೋಗುವಾಗ ತಾನು ಹೊತ್ತು ತಂದದ್ದನ್ನು ಎಲ್ಲ ಕಡೆ ಸಮವಾಗಿ ಬಿಟ್ಟು ಹೋಗುವುದಿಲ್ಲ. ಅಂಚಿನಲ್ಲಿ ಹೆಚ್ಚು ಬಿಡುತ್ತದೆ, ಸಂದಿನಲ್ಲಿ ಹೆಚ್ಚು ಬಿಡುತ್ತದೆ, ಒರಟು ಇದ್ದಲ್ಲಿ ಹೆಚ್ಚು ಬಿಡುತ್ತದೆ. ಅಂಗೈಯಗಲದ ಮಾದರಿಯೊಂದಕ್ಕೆ ಹಳೆಯ ಕಳೆ ತರುವ ಕೈಗೆಲಸದ ಅರ್ಧ ವಿಜ್ಞಾನ ಈ ಗೋಡೆಯಲ್ಲೇ ಇದೆ. ಉಳಿದರ್ಧ ಗೋಡೆಯಲ್ಲಿ ಕಾಣಿಸದು, ಯಾಕೆಂದರೆ ಅದು ಸುಣ್ಣಕ್ಕೂ ನೀರಿಗೂ ಇರುವ ಸಂಬಂಧದಲ್ಲಿ ಅಡಗಿದೆ: ಹೊಳೆಯ ನೀರು ಬಲಿತ ಸುಣ್ಣವನ್ನು ಕರಗಿಸಲಿಲ್ಲ, ಅದರ ಮೇಲೆ ಕೂತು ಹೋಯಿತು ಅಷ್ಟೆ.

ಅದೇ ಹೊಳೆಸಾಲಿನ ಹೊಳೆಆಲೂರು ಗದಗ–ಹೊಟಗಿ ರೈಲು ಮಾರ್ಗದ ಮೇಲಿನ ಊರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್‌ ಮರಾಠಾ ರೈಲ್ವೆ ಹಾಕಿದ ಈ ಹಾದಿ ಬಹುಕಾಲ ಮೀಟರ್‌ ಗೇಜ್‌ ಆಗಿಯೇ ಇತ್ತು. ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್‌. ಈಗಿನ ಬ್ರಾಡ್‌ಗೇಜ್‌ 1676 ಮಿಲಿಮೀಟರಿನದು. ಕಣ್ಮರೆಯಾದ ಆ ಮೀಟರ್‌ಗೇಜ್‌ ನಿಲ್ದಾಣವನ್ನು, ಕಾವಿಗೆಂಪು ಗೂಡ್ಸ್‌ ಡಬ್ಬಿಗಳನ್ನು, ಹೊರಗೆ ನಿಂತ ಚಕ್ಕಡಿಯನ್ನು 1:87ರ ಪ್ರಮಾಣಕ್ಕೆ ಇಳಿಸಿ ಕಟ್ಟುವವರಿಗೆ ಹಳಿಯಗಲ ಹನ್ನೊಂದೂವರೆ ಮಿಲಿಮೀಟರ್‌ ಆಗುತ್ತದೆ. ಡಬ್ಬಿಯ ಮೈಮೇಲಿನ 25 ಮಿಲಿಮೀಟರ್‌ ಅಗಲದ ರಿವೆಟ್ಟಿನ ತಲೆ 0.29 ಮಿಲಿಮೀಟರಿಗೆ ಇಳಿಯುತ್ತದೆ. ಇಷ್ಟು ಚಿಕ್ಕದರ ಮೇಲೆ ಬಣ್ಣ ಬಳಿದು ಬಿಟ್ಟರೆ ಅದು ಆಟಿಕೆಯ ಹಾಗೆ ಕಾಣುತ್ತದೆ. ಬಿಸಿಲಿನ ನೆರಳು ಬೀಳುವಷ್ಟು ಉಬ್ಬುತಗ್ಗು ಅದಕ್ಕಿರುವುದಿಲ್ಲ, ದೂಳು ಕೂರುವಷ್ಟು ವಯಸ್ಸೂ ಆಗಿರುವುದಿಲ್ಲ. ಆ ನೆರಳನ್ನೂ ದೂಳನ್ನೂ ಬಣ್ಣದಿಂದಲೇ ತರಬೇಕು. ಅದಕ್ಕೆ ಬಳಸುವುದೇ ವಾಶ್‌. ಗಾಢ ಬಣ್ಣವನ್ನು ತುಂಬ ತೆಳುವಾಗಿಸಿ, ನೀರಿನಂತೆ ಹರಿಯುವ ಹಾಗೆ ಮಾಡಿ, ಬಳಿದ ಬಣ್ಣದ ಮೇಲೆ ಹರಿಬಿಡುತ್ತಾರೆ. ಅದು ಸಂದುಗೊಂದಿಗೆ ಇಳಿದು ರಿವೆಟ್ಟಿನ ಬುಡದಲ್ಲಿ ನಿಂತು ಆರುತ್ತದೆ, ಉಬ್ಬಿದ ಭಾಗದ ಮೇಲಿನದನ್ನು ಒರೆಸಿ ತೆಗೆಯುತ್ತಾರೆ. ಮಲಪ್ರಭೆ ಒಂದು ವಾರದಲ್ಲಿ ಗೋಡೆಗೆ ಮಾಡಿದ್ದನ್ನು ಕುಂಚ ಅರ್ಧ ಗಂಟೆಯಲ್ಲಿ ಮಾಡುತ್ತದೆ.

ಕೆಲಸ ಕೆಡುವುದೂ ಇಲ್ಲಿಯೇ. ವಾರಗಟ್ಟಲೆ ಕಟ್ಟಿ, ಬಳಿದು, ಅಕ್ಷರ ಬರೆದು ಮುಗಿಸಿದ ಡಬ್ಬಿಯ ಮೇಲೆ ವಾಶ್‌ ಹರಿಸಿದ ಹತ್ತು ನಿಮಿಷದಲ್ಲಿ ಕೆಳಗಿನ ಕಾವಿ ಎದ್ದು ಬರುತ್ತದೆ, ಕುಂಚದ ತುದಿಗೆ ಕೆಂಪು ಹತ್ತುತ್ತದೆ, ಅಕ್ಷರಗಳು ಕದಡುತ್ತವೆ. ಆಗ ಎಲ್ಲರೂ ದೂರುವುದು ವಾಶನ್ನು: ಅದು ಕಡುವಾಗಿತ್ತು, ಆ ಕಂಪನಿಯದು ಸರಿಯಿಲ್ಲ, ಥಿನ್ನರ್‌ ಹೆಚ್ಚಾಯಿತು. ದೋಷ ವಾಶಿನದಲ್ಲ ಎಂಬುದು ಈ ಅಧ್ಯಾಯದ ವಾದ. ಯಾವ ವಾಶೂ ತನ್ನಷ್ಟಕ್ಕೆ ಅಪಾಯದ್ದಲ್ಲ, ಸುರಕ್ಷಿತವೂ ಅಲ್ಲ. ಅದರೊಳಗಿನ ದ್ರಾವಕಕ್ಕೂ ಕೆಳಗಿನ ಬಣ್ಣಕ್ಕೂ ಎಷ್ಟು ನಂಟಿದೆ, ಆ ಬಣ್ಣ ಬರೀ ಆರಿದೆಯೋ ಬಲಿತಿದೆಯೋ, ದ್ರಾವಕ ಅದರ ಮೇಲೆ ಎಷ್ಟು ಹೊತ್ತು ನಿಂತಿತು ಎಂಬ ಮೂರರಲ್ಲಿ ಎಲ್ಲವೂ ನಿರ್ಧಾರವಾಗುತ್ತದೆ. ಬಾಟಲಿಯ ಮೇಲಿನ ಹೆಸರು ಈ ಮೂರರಲ್ಲಿ ಯಾವುದನ್ನೂ ಪೂರ್ತಿ ಹೇಳುವುದಿಲ್ಲ.

ಮೊದಲು ನಂಟಿನ ಮಾತು. ಚನ್ನಪಟ್ಟಣದ ಆಟಿಕೆಗಳಿಗೆ ಬಣ್ಣ ಕೊಡುವುದು ಅರಗು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಶಾಖಕ್ಕೆ ಅದು ಕರಗಿ ಮೈಗೆ ಹತ್ತುತ್ತದೆ. ಹಾಗೆ ಮಾಡಿದ ಗಿಲಕಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ಏನೂ ಆಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಬಣ್ಣ ಬಟ್ಟೆಗೆ ಬರುತ್ತದೆ. ಬಡಿಗರು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿಯೇ ಪಾಲಿಶ್‌ ಮಾಡಿಕೊಳ್ಳುವುದು, ಸೀಮೆಎಣ್ಣೆಯಲ್ಲಲ್ಲ. ಇಲ್ಲಿ ಸ್ಪಿರಿಟ್‌ ಬಲವಾದದ್ದು, ಸೀಮೆಎಣ್ಣೆ ಸಪ್ಪೆ ಎಂದು ತಿಳಿದರೆ ತಪ್ಪು. ಹಸಿ ಎನಾಮಲ್‌ ಹತ್ತಿದ ಕೈಗೆ ಸೀಮೆಎಣ್ಣೆಯೇ ಬೇಕು, ಸ್ಪಿರಿಟ್ಟಿಗೆ ಅದು ಹಾಗೆ ಸಲೀಸಾಗಿ ಬಿಡುವುದಿಲ್ಲ. ಬಲದ ಪ್ರಶ್ನೆ ಇಲ್ಲವೇ ಇಲ್ಲ, ಹೊಂದಾಣಿಕೆಯದೇ ಪ್ರಶ್ನೆ. ಒಂದು ವಸ್ತುವಿನ ಅಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಎಂಬುದನ್ನು ಅಳೆದು ಅಮೆರಿಕದ ರಸಾಯನ ವಿಜ್ಞಾನಿ ಜೋಯೆಲ್‌ ಹಿಲ್ಡೆಬ್ರಾಂಡ್‌ ಅದಕ್ಕೊಂದು ಅಂಕಿ ಕೊಟ್ಟ. ಎರಡು ವಸ್ತುಗಳ ಅಂಕಿ ಹತ್ತಿರವಿದ್ದರೆ ಒಂದರ ಅಣು ಇನ್ನೊಂದರ ಗುಂಪಿನಲ್ಲಿ ಕಷ್ಟವಿಲ್ಲದೆ ಸೇರುತ್ತದೆ. ದೂರವಿದ್ದರೆ ಹೊರಗೇ ಉಳಿಯುತ್ತದೆ. ಈಗಿನ ಮಾನದಲ್ಲಿ ಟರ್ಪೆಂಟೈನ್‌ ಬದಲಿಗೆ ಅಂಗಡಿಯಲ್ಲಿ ಸಿಗುವ ವೈಟ್‌ ಸ್ಪಿರಿಟ್ಟಿನದು ಸುಮಾರು 16, ಟಾಲ್ವೀನ್‌ 18.2, ಈಥೈಲ್‌ ಆಲ್ಕೊಹಾಲ್‌ (ಬಡಿಗರ ಸ್ಪಿರಿಟ್ಟಿನಲ್ಲಿ ಇರುವುದು ಇದೇ) 26ರ ಮೇಲೆ, ನೀರು 47.8. ಮಾದರಿಗಳನ್ನು ಅಚ್ಚು ಹೊಯ್ಯುವ ಪಾಲಿಸ್ಟೈರೀನ್‌ ಪ್ಲಾಸ್ಟಿಕ್ಕಿನದು ಸುಮಾರು 18.5. ಟಾಲ್ವೀನ್‌ ಇರುವ ಎನ್‌.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರಿನ ಒಂದು ಹನಿ ಡಬ್ಬಿಯ ಪ್ಲಾಸ್ಟಿಕ್ಕನ್ನೇ ಯಾಕೆ ಮೆತ್ತಗಾಗಿಸುತ್ತದೆ ಎಂಬುದು ಈ ಎರಡು ಅಂಕಿಗಳ ನೆರೆಹೊರೆಯಲ್ಲಿದೆ. ಒಂದೇ ಅಂಕಿ ಎಲ್ಲವನ್ನೂ ಹೇಳಲಾರದು. ಅದಕ್ಕೆಂದೇ 1967ರಲ್ಲಿ ಚಾರ್ಲ್ಸ್‌ ಹ್ಯಾನ್ಸೆನ್‌ ಅದನ್ನು ಮೂರಾಗಿ ಒಡೆದು ತೋರಿಸಿದ. ಆದರೆ ಕುಂಚ ಹಿಡಿದವರಿಗೆ ದಾರಿ ತೋರುವಷ್ಟು ಬೆಳಕು ಮೊದಲಿನ ಅಂಕಿಯಲ್ಲೇ ಇದೆ. ವಾಶಿನ ದ್ರಾವಕ ಕೆಳಗಿನ ಪೊರೆಗೆ ಪರಕೀಯವಾಗಿರಬೇಕು.

ಹಾರ್ಡ್‌ವೇರ್‌ ಅಂಗಡಿಯಲ್ಲಿ ‘ಥಿನ್ನರ್‌’ ಎಂದು ಕೇಳಿದರೆ ಕೊಡುವ ಬಾಟಲಿಯ ಬಗ್ಗೆ ಇಷ್ಟು ಎಚ್ಚರ ಬೇಕಾಗುವುದು ಇದಕ್ಕೇ. ಥಿನ್ನರ್‌ ಎಂಬುದು ಒಂದು ವಸ್ತುವಿನ ಹೆಸರಲ್ಲ, ಕೆಲಸದ ಹೆಸರು; ತೆಳುವಾಗಿಸುವುದೆಲ್ಲ ಥಿನ್ನರೇ. ಎನಾಮಲ್ಲಿಗೆ ಕೊಡುವ ಥಿನ್ನರೂ ಕಾರಿನ ಗ್ಯಾರೇಜಿನ ಎನ್‌.ಸಿ. ಥಿನ್ನರೂ ಒಂದೇ ಬಣ್ಣದ ನೀರಿನಂತೆ ಕಾಣುತ್ತವೆ, ಒಂದೇ ಕಪಾಟಿನಲ್ಲಿ ಕೂತಿರುತ್ತವೆ. ಮೊದಲನೆಯದು ಬಲಿತ ಅಕ್ರಿಲಿಕ್ಕಿನ ಮೇಲೆ ಹರಿದು ಹೋಗುತ್ತದೆ, ಎರಡನೆಯದು ಬಣ್ಣವನ್ನೂ ಅದರ ಕೆಳಗಿನ ಪ್ಲಾಸ್ಟಿಕ್ಕನ್ನೂ ಒಟ್ಟಿಗೆ ತಿನ್ನುತ್ತದೆ.

ಇನ್ನು ಆರುವುದು ಮತ್ತು ಬಲಿಯುವುದು. ಮನೆ ಕಟ್ಟಿದವರಿಗೆ ಈ ಭೇದ ಹೊಸದಲ್ಲ. ಗಿಲಾಯಿ ಮಾಡಿದ ಗೋಡೆ ಮರುದಿನವೇ ಆರಿದಂತೆ ಕಾಣುತ್ತದೆ, ಆದರೂ ಗೌಂಡಿ ದಿನಗಟ್ಟಲೆ ನೀರು ಹೊಡೆಯಿಸುತ್ತಾನೆ. ಸಿಮೆಂಟು ಗಟ್ಟಿಯಾಗುವುದು ನೀರು ಹೋಗುವುದರಿಂದಲ್ಲ, ನೀರಿನೊಡನೆ ಕೂಡಿ ಒಳಗೆ ಹೊಸ ಕಟ್ಟು ಕಟ್ಟಿಕೊಳ್ಳುವುದರಿಂದ. ಬಣ್ಣದಲ್ಲಿ ಇದನ್ನು ನೋಡಬೇಕೆಂದರೆ ಅಡುಗೆಮನೆಗೆ ಹೋಗಬೇಕು. ಕುಸುಬಿ ಎಣ್ಣೆಯ ಡಬ್ಬಿಯ ಕೊರಳಲ್ಲಿ ಸೋರಿದ ಎಣ್ಣೆ ವಾರಗಳು ಕಳೆದಂತೆ ಅಂಟಂಟಾಗಿ, ಕಡೆಗೆ ಹಳದಿ ಪೊರೆಯಾಗಿ, ಉಗುರಿನಿಂದ ಕೆರೆದರೂ ಏಳದ ಹಾಗಾಗುತ್ತದೆ. ಅಲ್ಲಿ ಏನೂ ಆವಿಯಾಗಿ ಹೋಗಿಲ್ಲ. ಎಣ್ಣೆಯ ಅಣುಗಳಲ್ಲಿರುವ ಜೋಡಿ ಬಂಧಗಳ ಬಳಿ ಗಾಳಿಯ ಆಮ್ಲಜನಕ ಹೊಕ್ಕು ಒಂದು ಅಣುವನ್ನು ಇನ್ನೊಂದಕ್ಕೆ ಹೊಲಿದಿದೆ. ಶೇಂಗಾ ಎಣ್ಣೆಯಲ್ಲಿ ಇಂಥ ಬಂಧಗಳು ಕಡಿಮೆ, ಅದು ಇಷ್ಟು ಬಲಿಯುವುದಿಲ್ಲ. ಅಗಸಿ ಎಣ್ಣೆಯಲ್ಲಿ ಇವೆರಡಕ್ಕಿಂತಲೂ ಹೆಚ್ಚು. ಅದರ ಅರ್ಧದಷ್ಟು ಮೂರು ಜೋಡಿ ಬಂಧಗಳ ಲಿನೋಲೆನಿಕ್‌ ಆಮ್ಲ. ಚಿತ್ರಗಾರರ ತೈಲವರ್ಣಕ್ಕೆ ಅಗಸಿಯೂ, ಹಳದಿಯಾಗಬಾರದ ಬಿಳಿಗೆ ಕುಸುಬಿಯೂ ಬಂದದ್ದು ಈ ಗುಣದಿಂದ. ಅಂಗಡಿಯ ಎನಾಮಲ್‌ ಬಣ್ಣವೂ ಇದೇ ಕುಲದ್ದು. ಅದರಲ್ಲಿನ ಆಲ್ಕಿಡ್‌ ರಾಳದೊಳಗೆ ಇಂಥ ಎಣ್ಣೆಗಳನ್ನೇ ಬೆಸೆದಿರುತ್ತಾರೆ. ವೈಟ್‌ ಸ್ಪಿರಿಟ್‌ ಕೆಲವು ಗಂಟೆಗಳಲ್ಲಿ ಆವಿಯಾಗಿ ಬಣ್ಣ ಬೆರಳಿಗೆ ಅಂಟದ ಹಾಗಾಗುತ್ತದೆ, ಅದು ಆರಿದ್ದು. ಅಣುಗಳು ಒಂದಕ್ಕೊಂದು ಹೊಲಿದುಕೊಂಡು ಬಲೆಯಾಗಲು ದಿನಗಳೇ ಬೇಕು, ದಪ್ಪ ಬಳಿದಿದ್ದರೆ ವಾರಗಳು. ಆ ನಡುವಿನ ಅವಧಿಯಲ್ಲಿ ಅದೇ ವೈಟ್‌ ಸ್ಪಿರಿಟ್ಟಿನ ವಾಶ್‌ ಬಿದ್ದರೆ, ಬಿಡಿಬಿಡಿಯಾಗಿಯೇ ಇರುವ ಅಣುಗಳು ಮತ್ತೆ ಅದರಲ್ಲಿ ತೇಲಲು ಹೊರಡುತ್ತವೆ. ಬಲೆ ಹೆಣೆದುಕೊಂಡ ಮೇಲೆ ಅವಕ್ಕೆ ಬಿಡುಗಡೆಯಿಲ್ಲ. ಪೊರೆ ಸ್ವಲ್ಪ ಉಬ್ಬಬಹುದು, ಕರಗಲಾರದು. ಒಂದೇ ಡಬ್ಬಿ, ಒಂದೇ ಬಣ್ಣ, ಒಂದೇ ವಾಶ್‌. ಎರಡನೆಯ ದಿನ ಕೆಟ್ಟದ್ದು ಇಪ್ಪತ್ತನೆಯ ದಿನ ಕೆಡುವುದಿಲ್ಲ.

ಲ್ಯಾಕರ್‌ ಬಣ್ಣಗಳ ಸ್ವಭಾವ ಬೇರೆ. ಅವು ಹೊಲಿಗೆ ಹಾಕಿಕೊಳ್ಳುವುದೇ ಇಲ್ಲ. ದ್ರಾವಕ ಹೋದದ್ದೇ ಗಟ್ಟಿ, ಹತ್ತು ವರ್ಷದ ಮೇಲೂ ತನ್ನ ಥಿನ್ನರ್‌ ಬಂದರೆ ಮತ್ತೆ ನೀರು. ನೀರಿನ ಅಕ್ರಿಲಿಕ್ಕಿನಲ್ಲಿ ಮೈಕ್ರಾನಿನ ಹತ್ತನೇ ಒಂದರಷ್ಟು ಚಿಕ್ಕ ಪಾಲಿಮರ್‌ ಉಂಡೆಗಳು ನೀರಲ್ಲಿ ತೇಲುತ್ತಿರುತ್ತವೆ, ನೀರು ಹೋದಂತೆ ಒತ್ತಿಕೊಂಡು ಒಂದಾಗುತ್ತವೆ. ಒಮ್ಮೆ ಒಂದಾದವನ್ನು ನೀರು ಬಿಡಿಸಲಾರದು, ಸ್ಪಿರಿಟ್‌ ಬಿಡಿಸಬಲ್ಲುದು. ಈ ಮೂರು ಕುಲಗಳ ಗುಣ ತಿಳಿದರೆ ಕ್ರಮ ತಾನೇ ಹೊಳೆಯುತ್ತದೆ: ಕೆಳಗೆ ಲ್ಯಾಕರ್‌ ಅಥವಾ ಅಕ್ರಿಲಿಕ್‌, ಮೇಲೆ ವೈಟ್‌ ಸ್ಪಿರಿಟ್ಟಿನ ಎನಾಮಲ್‌ ಇಲ್ಲವೇ ತೈಲವರ್ಣದ ವಾಶ್‌. ಕೆಳಗೆ ಎನಾಮಲ್ಲೇ ಇದ್ದರೆ ನಡುವೆ ಅಕ್ರಿಲಿಕ್‌ ವಾರ್ನಿಶ್‌ ಒಂದು ಪದರ. ಒಂದರ ಮೇಲೆ ಇನ್ನೊಂದು ಕುಲ ಬರಬೇಕೆಂಬ ಈ ಎಚ್ಚರ ಪ್ಲಾಸ್ಟಿಕ್‌ ಕಾಲದ್ದೇನಲ್ಲ. ಗಜೇಂದ್ರಗಡದ ಆಚೆ, ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗಳನ್ನು ಜೋಡಿಸಿ, ಅವುಗಳ ಮೈಗೆ ಹುಣಸೆ ಬೀಜದ ಸರಿಯನ್ನು ಮರದ ಹುಡಿಯೊಡನೆ ಕಲಸಿ ಹಚ್ಚುತ್ತಾರೆ, ಮೈಮೇಲಿನ ಒಡವೆ ಉಬ್ಬಿಸಲು ಕಲ್ಲಿನ ನುಣುಪು ಪುಡಿಯನ್ನು ಅಂಟಿನಲ್ಲಿ ಕಲಸುತ್ತಾರೆ. ಆ ತಳ ನೀರಿಗೆ ಮೆತ್ತಗಾಗುವಂಥದ್ದು. ಅಂಥ ತಳದ ಮೇಲೆ ನೀರು ನಿಲ್ಲುವ ಹಾಗೆ ಬಳಿದರೆ ಒಡವೆಯೇ ಏಳುತ್ತದೆ. ಎಣ್ಣೆ ಕುಲದ ಬಣ್ಣಕ್ಕೆ ಅದು ಅಲುಗುವುದಿಲ್ಲ. ಕಿನ್ನಾಳದ ಗೊಂಬೆ ಮಾಡುವ ಕೈಗೆ ದ್ರಾವಕದ ಅಂಕಿ ಬೇಕಾಗಿಲ್ಲ, ತಳ ಯಾವುದಕ್ಕೆ ಹೆದರುತ್ತದೆ ಎಂಬುದು ಆ ಕೈಗೆ ಗೊತ್ತಿರುತ್ತದೆ.

ನಡುವಿನ ವಾರ್ನಿಶ್‌ ಪದರದ ಮೇಲೆ ಒಂದು ನ್ಯಾಯವಾದ ಆಕ್ಷೇಪವಿದೆ. ಇಷ್ಟು ಚಿಕ್ಕ ಮಾದರಿಗೆ ಇನ್ನೊಂದು ಪದರ ಬಳಿದರೆ ರಿವೆಟ್ಟುಗಳೇ ಮುಚ್ಚಿಹೋಗುವುದಿಲ್ಲವೇ? ಲೆಕ್ಕ ಹಾಕಿ ನೋಡಬಹುದು. ಏರ್‌ಬ್ರಶ್ಶಿನಿಂದ ತೆಳ್ಳಗೆ ಹೊಡೆದ ಪದರ ಆರಿದ ಮೇಲೆ ಹತ್ತಿಪ್ಪತ್ತು ಮೈಕ್ರಾನ್‌. ನಮ್ಮ ರಿವೆಟ್ಟಿನ ಅಗಲ 290 ಮೈಕ್ರಾನ್‌. ಮುಚ್ಚುವ ಮಾತೇ ಇಲ್ಲ. ಆದರೆ ಪ್ರೈಮರ್‌, ಬಣ್ಣ, ಎರಡನೇ ಕೈ, ವಾರ್ನಿಶ್‌, ಕೊನೆಯ ಮಂಕು ವಾರ್ನಿಶ್‌ ಎಂದು ಐದಾರು ಪದರ ಕೂಡಿದರೆ, ಅದೂ ಕುಂಚದಿಂದ ದಪ್ಪಗೆ ಬಳಿದರೆ, ಆಕ್ಷೇಪ ನಿಜವಾಗುತ್ತದೆ. ಅಲ್ಲಿ ಕಡಿಮೆ ಮಾಡಬೇಕಾದದ್ದು ಬಣ್ಣದ ಕೈಗಳನ್ನು, ವಾರ್ನಿಶ್ಶನ್ನಲ್ಲ. ಅದು ಮಾಡುವ ಕೆಲಸ ಕಾವಲಿನದೊಂದೇ ಅಲ್ಲ. ಮಂಕು ಬಣ್ಣದ ಮೈ ಸೂಕ್ಷ್ಮದರ್ಶಕದ ಕೆಳಗೆ ಉತ್ತ ಹೊಲದಂತಿರುತ್ತದೆ; ಬೆಳಕು ಎಲ್ಲ ದಿಕ್ಕಿಗೂ ಚೆದರುವುದರಿಂದಲೇ ಅದು ಮಂಕು. ಅಂಥ ಮೈಮೇಲೆ ವಾಶ್‌ ಸುರಿದರೆ ಪ್ರತಿಯೊಂದು ಸಾಲಿನಲ್ಲೂ ವರ್ಣದ ಕಣ ಸಿಕ್ಕಿಕೊಂಡು ಇಡೀ ಡಬ್ಬಿಯೇ ಕೊಳೆ ಹಿಡಿದಂತಾಗುತ್ತದೆ, ಒರೆಸಿದರೂ ಹೋಗದು. ಸುಣ್ಣದ ಒರಟು ಗೋಡೆ ಹೊಳೆಯ ಮಣ್ಣನ್ನು ಬಿಡದೆ ಹಿಡಿದಿಟ್ಟುಕೊಂಡದ್ದೂ, ಅದರ ಪಕ್ಕದ ಕಿಟಕಿಯ ಗಾಜು ಒಂದು ಒರೆಸಿಗೆ ಶುಚಿಯಾದದ್ದೂ ಇದೇ ಕಾರಣಕ್ಕೆ. ಹೊಳಪಿನ ವಾರ್ನಿಶ್‌ ಡಬ್ಬಿಯ ಮೈಯನ್ನು ಗಾಜಿನಂತೆ ಮಾಡುತ್ತದೆ. ಆಗ ವಾಶ್‌ ಬಯಲಿನಲ್ಲಿ ನಿಲ್ಲದೆ ಸಂದಿಗೆ ಓಡುತ್ತದೆ. ವೈಟ್‌ ಸ್ಪಿರಿಟ್ಟಿನ ಮೇಲ್ಮೈ ಸೆಳೆತ ನೀರಿನದರ ಮೂರನೇ ಒಂದರಷ್ಟು. ನೀರು ಮಣಿಯಾಗಿ ಕೂರುವಲ್ಲಿ ಅದು ಚಾಪೆಯಂತೆ ಹಾಸಿಕೊಳ್ಳುತ್ತದೆ, ಹಲಗೆಯ ಸಂದಿನ ಒಂದು ತುದಿಗೆ ಕುಂಚ ಮುಟ್ಟಿಸಿದರೆ ಇನ್ನೊಂದು ತುದಿಯವರೆಗೆ ತಾನೇ ಹರಿದು ಹೋಗುತ್ತದೆ. ಆ ಓಟವನ್ನು ಕಣ್ಣಾರೆ ನೋಡುವುದೇ ಈ ಕೆಲಸದ ಸಂತೋಷ.

ಅಂಚಿನ ಗೆರೆಯ ರಹಸ್ಯ 1997ರವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ ಎಂದರೆ ಅಚ್ಚರಿಯಾದೀತು. ಚಹಾ ಚೆಲ್ಲಿ ಆರಿದಲ್ಲಿ ನಡುವೆ ತೆಳು, ಅಂಚಿಗೆ ಕಪ್ಪು ಉಂಗುರ ಉಳಿಯುವುದನ್ನು ಎಲ್ಲ ಮನೆಗಳಲ್ಲೂ ನೋಡಿದ್ದೇವೆ. ಶಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್‌ ಡೀಗನ್‌, ಸಿಡ್ನಿ ನೇಗಲ್‌ ಮತ್ತವರ ಜೊತೆಗಾರರು ಕಾಫಿ ಹನಿಯ ಮೇಲೆ ಪ್ರಯೋಗ ಮಾಡಿ ‘ನೇಚರ್‌’ ಪತ್ರಿಕೆಯಲ್ಲಿ ಅದರ ಕಾರಣ ಬರೆದರು. ಹನಿಯ ಅಂಚು ಮೇಲ್ಮೈಯ ಒರಟಿಗೆ ಸಿಕ್ಕಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಹನಿ ಕುಗ್ಗಲಾರದು. ಅಂಚಿನಲ್ಲಿ ಆರುವ ವೇಗ ಹೆಚ್ಚು. ಅಲ್ಲಿ ಹೋದ ದ್ರವವನ್ನು ತುಂಬಲು ನಡುವಿನಿಂದ ಅಂಚಿಗೆ ನಿರಂತರ ಹರಿವು ಏಳುತ್ತದೆ, ತನ್ನೊಡನೆ ಕಣಗಳನ್ನೂ ಎಳೆದೊಯ್ಯುತ್ತದೆ. ಪ್ರವಾಹದ ಗೋಡೆಯ ಗೆರೆ ಪೂರ್ತಿ ಇದೇ ಅಲ್ಲ. ಅಲ್ಲಿ ನೀರು ಗೋಡೆಯೊಳಗೂ ಏರಿರುತ್ತದೆ, ಉಪ್ಪೂ ಸೇರಿರುತ್ತದೆ. ಆದರೂ ಅಂಚು ಬೇಗ ಆರುವುದೇ ಎರಡರ ಮೂಲ. ಹಾಗಾದರೆ ವಾಶ್‌ ಬೇಗ ಆರಿದಷ್ಟೂ ಉಂಗುರ ಗಟ್ಟಿ. ಏಪ್ರಿಲ್‌ ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ಆಸುಪಾಸು ಹೋಗುವ ನಾಡಿನಲ್ಲಿ ಫ್ಯಾನಿನ ಕೆಳಗೆ ಕೂತು ವಾಶ್‌ ಹಚ್ಚಿದರೆ ಸಂದಿಗೆ ಇಳಿಯುವ ಮೊದಲೇ ಅಂಚು ಕಟ್ಟಿಬಿಡುತ್ತದೆ. ತಂಪು ಹೊತ್ತಿನಲ್ಲಿ, ಗಾಳಿ ನೇರ ಬೀಸದಲ್ಲಿ, ಒಂದು ಸಲಕ್ಕೆ ಒಂದು ಹಲಗೆ ಎಂಬಂತೆ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಇಷ್ಟೆಲ್ಲ ಯಾಕೆ, ಎನಾಮಲ್ಲಿನ ಮೇಲೆ ಎನಾಮಲ್‌ ವಾಶನ್ನೇ ನೇರ ಹಚ್ಚಿದವರು ಎಷ್ಟೋ ಮಂದಿ ಇದ್ದಾರೆ, ಏನೂ ಆಗಿಲ್ಲವಲ್ಲ ಎನ್ನುವವರ ಮಾತನ್ನೂ ಕೇಳಬೇಕು. ಅವರು ಹೇಳುವುದು ಸುಳ್ಳಲ್ಲ. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತಿದ್ದ ಮಾದರಿಯ ಎನಾಮಲ್‌ ಪೂರ್ತಿ ಬಲಿತಿರುತ್ತದೆ, ವಾಶ್‌ ಅದನ್ನು ಮುಟ್ಟಲಾರದು. ಅವರ ಯಶಸ್ಸು ನಮ್ಮ ವಾದವನ್ನು ಒಡೆಯುವುದಿಲ್ಲ, ಅದಕ್ಕೇ ಸಾಕ್ಷಿ ನುಡಿಯುತ್ತದೆ; ಅವರಿಗೆ ಒದಗಿದ್ದು ಕಾಲ, ಅದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ ಅಷ್ಟೆ. ಕಾಲ ಸಾಕಾಯಿತೇ ಎಂದು ಊಹೆ ಮಾಡುವ ಬದಲು ಕೇಳಿಯೇ ತಿಳಿಯಬಹುದು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರ ಶುಚಿಗೊಳಿಸುವವರು ಒಂದು ಮೂಲೆಯಲ್ಲಿ ಹತ್ತಿಯ ಸುರುಳಿಯಿಂದ ಮೊದಲು ಪರೀಕ್ಷೆ ಮಾಡುತ್ತಾರೆ. ಅದನ್ನೇ ಇಲ್ಲಿಗೂ ತರಬಹುದು. ಡಬ್ಬಿಯ ತಳದಲ್ಲಿ, ಕಾಣದ ಜಾಗದಲ್ಲಿ, ವಾಶಿಗೆ ಬಳಸುವ ದ್ರಾವಕದಲ್ಲೇ ಅದ್ದಿ ಹಿಂಡಿದ ಹತ್ತಿ ಕಡ್ಡಿಯನ್ನು ಒತ್ತದೆ ಹತ್ತು ಸಲ ಉರುಳಿಸಬೇಕು. ಹತ್ತಿ ಬಿಳಿಯಾಗಿಯೇ ಇದ್ದರೆ ಅಲ್ಲಿಗೆ ನಿಲ್ಲಿಸಬಾರದು. ಆ ಜಾಗಕ್ಕೆ ಒಂದು ಹನಿ ಬಿಟ್ಟು, ವಾಶ್‌ ನಿಲ್ಲುವಷ್ಟೇ ಹೊತ್ತು, ಇಪ್ಪತ್ತು ನಿಮಿಷ, ಬಿಟ್ಟು ಮತ್ತೆ ಉರುಳಿಸಬೇಕು. ಮೊದಲ ಸಲ ಬಿಳಿಯಾಗಿದ್ದ ಹತ್ತಿ ಎರಡನೇ ಸಲ ತಿಳಿಗೆಂಪಾಗುವುದುಂಟು. ದ್ರಾವಕ ಪೊರೆಯೊಳಗೆ ಇಳಿಯಲು ಹೊತ್ತು ಬೇಕು, ಇಳಿದ ಮೇಲೆ ಪೊರೆ ಮೆತ್ತಗಾಗುತ್ತದೆ, ಆಮೇಲೆ ಉಜ್ಜಿದರೆ ಏಳುತ್ತದೆ. ಒರೆಸುವ ಕುಂಚ ಹಸಿಯಾಗಿರಬೇಕು, ತೊಟ್ಟಿಕ್ಕಬಾರದು ಎಂಬ ಮಾತಿನ ಹಿಂದೆಯೂ ಇದೇ ಇದೆ. ಪ್ರತಿ ಒರೆಸೂ ಇನ್ನೊಮ್ಮೆ ದ್ರಾವಕ ಕೊಟ್ಟಂತೆ.

ನೀರಿನ ವಾಶ್‌ ಇದೆಯಲ್ಲ, ಅದೊಂದೇ ಸಾಕು ಎನ್ನುವುದು ಎರಡನೆಯ ಮಾತು. ಕೆಳಗಿನ ಬಣ್ಣಕ್ಕೆ ಅದು ಬಹುಪಾಲು ನಿರಪಾಯ, ಒಪ್ಪುವೆ; ಮಕ್ಕಳ ಕೈಗೆ ಕೊಡುವುದಾದರೆ ಅದನ್ನೇ ಕೊಡಬೇಕು. ಆದರೆ ನೀರು ಮಣಿ ಕಟ್ಟುತ್ತದೆ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಮಾತ್ರ ಹರಿಯುತ್ತದೆ. ಕೆಲವು ನಿಮಿಷಗಳಲ್ಲೇ ಅಕ್ರಿಲಿಕ್‌ ಉಂಡೆಗಳು ಒಂದಾಗಿಬಿಡುವುದರಿಂದ ತಪ್ಪಿದ್ದನ್ನು ತಿದ್ದಲು ಹೊತ್ತಿರುವುದಿಲ್ಲ. ತಿದ್ದಲೇಬೇಕೆಂದು ಸ್ಪಿರಿಟ್‌ ಹಿಡಿದರೆ ವಾಶಿನೊಡನೆ ಕೆಳಗಿನ ಅಕ್ರಿಲಿಕ್ಕೂ ಬರುತ್ತದೆ, ಯಾಕೆಂದರೆ ಅವೆರಡೂ ಒಂದೇ ಕುಲ. ಎನಾಮಲ್‌ ವಾಶಿನ ನಿಜವಾದ ಉಪಕಾರ ಅದು ತಡವಾಗಿ ಬಲಿಯುವುದೇ. ಕೆಳಗಿನ ಪದರದಲ್ಲಿ ನಮ್ಮನ್ನು ಕಾಡಿದ ಗುಣವೇ ಮೇಲಿನ ಪದರದಲ್ಲಿ ಕೈಹಿಡಿಯುತ್ತದೆ. ಮರುದಿನವೂ ಒರೆಸಿ ತೆಗೆಯಬಹುದು. ದ್ರವವೇ ಬೇಡವೆಂದು ಒಣ ವರ್ಣದ ಪುಡಿ ಉದುರಿಸುವವರೂ ಇದ್ದಾರೆ. ದೂಳಿಗೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಅದು ನಿಲ್ಲಬೇಕಾದರೆ ಮಾತ್ರ ಯಾವುದೋ ದ್ರವದಿಂದ ಹಿಡಿಸಲೇಬೇಕು, ಅಲ್ಲಿಗೆ ಕುಲದ ಪ್ರಶ್ನೆ ಮತ್ತೆ ಬಂದು ನಿಲ್ಲುತ್ತದೆ.

ಬಣ್ಣ ಉಳಿದು ಪ್ಲಾಸ್ಟಿಕ್‌ ಒಡೆಯುವುದೂ ಉಂಟು. ವೈಟ್‌ ಸ್ಪಿರಿಟ್‌ ಪಾಲಿಸ್ಟೈರೀನನ್ನು ಕರಗಿಸುವುದಿಲ್ಲ, ಆದರೆ ಬಗ್ಗಿಸಿ ಅಂಟಿಸಿದ, ಒಳಗೆ ಬಿಗಿತ ತುಂಬಿಕೊಂಡ ತುಂಡಿನ ಬಣ್ಣವಿಲ್ಲದ ಒಳಮೈಗೆ ಅದು ಹೊಕ್ಕರೆ ಅಣುಗಳ ನಡುವಿನ ಹಿಡಿತ ಸಡಿಲಿ ಸಣ್ಣ ಬಿರುಕುಗಳು ಓಡುತ್ತವೆ. ತುಂಡು ಕೈಯಲ್ಲೇ ಮುರಿದು ಬರುತ್ತದೆ. ಗಾಲಿಯ ಕಟ್ಟು, ತೆಳ್ಳನೆ ಏಣಿ, ಬಿಗಿಯಾಗಿ ತೂರಿಸಿದ ಅಚ್ಚು, ಇವುಗಳ ಸುತ್ತ ವಾಶನ್ನು ಮಡುಗಟ್ಟಲು ಬಿಡಬಾರದು. ಒಳಮೈಗೂ ಒಂದು ಕೈ ಬಣ್ಣ ಕಾಣಿಸಬೇಕು.

ಮನುಷ್ಯನ ಸುರಕ್ಷೆಯನ್ನು ಕೊನೆಗೆ ಇಟ್ಟದ್ದು ಅದು ಕಡಿಮೆಯದೆಂದಲ್ಲ. ತಂಪು ದೇಶಗಳಲ್ಲಿ ಬರೆದ ಕೈಪಿಡಿಗಳು ವೈಟ್‌ ಸ್ಪಿರಿಟ್ಟನ್ನು ಸೌಮ್ಯವೆಂದು ಕರೆಯುತ್ತವೆ. ಅದರ ಆವಿ ಕಿಡಿಗೆ ಹೊತ್ತಿಕೊಳ್ಳಲು ದ್ರವ ಸುಮಾರು 38–40 ಡಿಗ್ರಿಗೆ ಕಾಯಬೇಕು. ಟರ್ಪೆಂಟೈನಿಗೆ 35ರ ಸುಮಾರು ಸಾಕು. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಕೂತವರಿಗೆ ಇದು ನೆಮ್ಮದಿಯ ಅಂಕಿ. ಮೇ ತಿಂಗಳ ಹೊಳೆಆಲೂರಿನಲ್ಲಿ, ತಗಡಿನ ಮಾಡಿನ ಕೆಳಗೆ, ಆ ಅಂಕಿ ಹಗಲಿನ ಹವೆಯೇ ಆಗಿಬಿಡುತ್ತದೆ. ಟಾಲ್ವೀನಿಗಂತೂ 4 ಡಿಗ್ರಿ ಸಾಕು, ಅದಕ್ಕೆ ನಮ್ಮಲ್ಲಿ ಎಲ್ಲ ಕಾಲವೂ ಅಪಾಯದ ಕಾಲ. ಈ ಆವಿಗಳು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಪಕ್ಕದ ಕೋಣೆಯ ದೇವರ ದೀಪದವರೆಗೂ ಹೋಗಬಲ್ಲವು. ಆದ್ದರಿಂದ ಬೆಳಗಿನ ಹೊತ್ತು, ಕಿಟಕಿ ಬಾಗಿಲು ತೆರೆದು, ಒಲೆ ದೀಪ ಊದುಬತ್ತಿ ಇಲ್ಲದ ಕೋಣೆಯಲ್ಲಿ, ಬಟ್ಟಲಲ್ಲಿ ಬೇಕಾದಷ್ಟೇ ಹಾಕಿಕೊಂಡು ಈ ಕೆಲಸ ಮಾಡಬೇಕು. ಅಗಸಿ ಎಣ್ಣೆಯ ತೈಲವರ್ಣ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬಾರದು. ಬಲಿಯುವ ಕ್ರಿಯೆ ಶಾಖ ಬಿಡುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ಹೊರಹೋಗುವ ದಾರಿಯಿಲ್ಲ, ಕೂಡುತ್ತ ಕೂಡುತ್ತ ಚಿಂದಿ ತಾನೇ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರವಿ ಒಣಗಿಸಿದರೆ ಏನೂ ಆಗದು.

ಇಷ್ಟೆಲ್ಲ ಆದಮೇಲೆ ಯಾವ ಬಣ್ಣದ ವಾಶ್‌? ಬಾಟಲಿಯಲ್ಲಿ ಸಿಗುವ ಕಡುಗಪ್ಪು ಈ ಮಾರ್ಗಕ್ಕೆ ಒಪ್ಪುವುದಿಲ್ಲ. ಎರಿ ಹಸಿಯಾಗಿದ್ದಾಗ ಕಪ್ಪು, ಒಣಗಿ ದೂಳಾದಾಗ ಬೂದುಗಂದು. ನೀರು ಕಣಗಳ ನಡುವಿನ ಗಾಳಿಯ ಜಾಗ ತುಂಬಿದಾಗ ಬೆಳಕು ಚೆದರುವುದು ಕಡಿಮೆಯಾಗಿ ಮಣ್ಣು ಕಪ್ಪಾಗಿ ಕಾಣುತ್ತದೆ. ವಾಶಿಗೂ ಇದೇ ಆಗುವುದರಿಂದ ಹಸಿಯಿರುವಾಗ ಬಣ್ಣ ಹೆಚ್ಚಾಯಿತೆಂದು ಗಾಬರಿಯಾಗಿ ಒರೆಸಬಾರದು. ಡಬ್ಬಿಯ ಕೆಳಭಾಗಕ್ಕೆ ಬೂದುಗಂದು, ಗಾಲಿ ಬ್ರೇಕುಗಳ ಸುತ್ತ ಬೀಡು ಕಬ್ಬಿಣದ ಬ್ರೇಕು ಸವೆದು ಉದುರುವ ತುಕ್ಕಿನ ಕಂದು, ಚಕ್ಕಡಿಯ ಗುಂಬಕ್ಕೆ ಕೀಲೆಣ್ಣೆಯ ಹೊಳಪುಗಪ್ಪು, ಮಸಾರಿ ಹೊಲದ ಕಡೆಯಿಂದ ಬಂದದ್ದೆಂದು ತೋರಿಸಬೇಕಾದರೆ ಒಂದಿಷ್ಟು ಕೆಂಪು. ಹೊಳೆಸಾಲಿನ ಸುಣ್ಣದ ಮನೆಯೊಂದನ್ನೂ ಪಕ್ಕದಲ್ಲಿ ಕಟ್ಟಿದ್ದರೆ ಅದರ ಗೋಡೆಗೆ ಹೊಳಪಿನ ವಾರ್ನಿಶ್‌ ಹೊಡೆಯುವುದು ಬೇಡ. ಅಲ್ಲಿ ಮಂಕು ವಾರ್ನಿಶ್ಶನ್ನೇ ಹೊಡೆದು ಒರಟು ಉಳಿಸಬೇಕು, ತೆಳ್ಳನೆ ಕಂದು ವಾಶನ್ನು ಬುಡದಿಂದ ಹನ್ನೊಂದೂವರೆ ಮಿಲಿಮೀಟರ್‌ ಎತ್ತರದವರೆಗೆ, ಅಂದರೆ ನಿಜವಾದ ಗೋಡೆಯ ಒಂದು ಮೀಟರಿನಷ್ಟು, ಒಂದೇ ಎಳೆತದಲ್ಲಿ ತುಂಬಿ, ಕುಂಚ ಎತ್ತಿ, ಬೇಕೆಂದೇ ಫ್ಯಾನು ಹಾಕಬೇಕು. ಅಂಚು ಕಚ್ಚಿಕೊಳ್ಳುತ್ತದೆ, ಕಣಗಳು ಮೇಲಕ್ಕೆ ಹರಿಯುತ್ತವೆ, ಹತ್ತು ನಿಮಿಷದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆಯೊಂದು ಗೋಡೆಯ ಮೇಲೆ ನಿಲ್ಲುತ್ತದೆ.